ಮುಂಬಯಿಯ ಹೋಟೆಲಿನಲ್ಲಿ ಮಲಗಿದವನಿಗೆ

ಉಡುಪಿ

ಪ್ರೀತಿಯ ಗೆಳೆಯಾ,

ನಾನು ಮುಂಬಯಿಯ ಒಂದು ಐಷಾರಾಮಿ ಹೋಟೆಲಿನಲ್ಲಿ ಉಳಿದು ಬಂದದ್ದು ತಿಳಿದು "ಅಷ್ಟು ದುಡ್ಡಿಗೆ ಅಲ್ಲಿ ಎಂತ ಕೊಡ್ತಾರೆ ಮಾರಾಯ?" ಅಂತ ವಾಟ್ಸ್‌ಆ್ಯಪಿನಲ್ಲಿ ಕೇಳಿದ್ದಿಯಲ್ಲ, ಅದಕ್ಕೆ ಒಂದು ನಗುವ ಮುಖ ಕಳಿಸಿ ಸುಮ್ಮನಾಗುವುದು ಸರಿ ಕಾಣಲಿಲ್ಲ. ಯಾಕೆಂದರೆ ಮುಂಬಯಿಯ ಹೋಟೆಲಿನಲ್ಲಿ ಮಲಗಿದ ಅನುಭವ ನನಗಿಂತ ನಿನಗೇ ಜಾಸ್ತಿ. ಹೋಟೆಲ್ ಹುಡುಗನಾಗಿದ್ದಾಗ ರಾತ್ರಿ ಶಟರ್ ಎಳೆದ ಮೇಲೆ ಎರಡು ಟೇಬಲ್ ಜೋಡಿಸಿ ಮಲಗುತ್ತಿದ್ದದ್ದು, ಫ್ಯಾನಿನ ಕೆಳಗಿನ ಟೇಬಲಿಗೆ ದಿನಾ ಜಗಳ, ಅದಕ್ಕೂ ಮೊದಲು ರಾತ್ರಿಶಾಲೆಗೆ ಓಟ, ಎಲ್ಲ ನೀನೇ ಹೇಳಿದ್ದು. ಅಂಥವನಿಗೆ ಐಷಾರಾಮಿ ಹೋಟೆಲಿನ ವರ್ಣನೆ ಬರೆಯುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಹಣ ನನ್ನ ಕಿಸೆಯದ್ದಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. ಪೈಂಟ್ ಕಂಪನಿಯವರು ಡೀಲರುಗಳನ್ನು ಕರೆದಿದ್ದರು. ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಿಗ್ಗೆ ಮುಂಬಯಿ. ಕೊಂಕಣ ರೈಲು ಬರುವ ಮೊದಲು, 1998ಕ್ಕೆ ಮೊದಲು, ಘಾಟಿ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಣಿದುಕೊಂಡು ಹೋದವನಿಗೆ ಅದೂ ಒಂದು ಐಷಾರಾಮವೇ. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟಿದರೆ ಶೇ. 18 ಜಿಎಸ್‌ಟಿ. ಅಲ್ಲಿಯ ಬಾಡಿಗೆ ಅದನ್ನು ದಾಟಿ ಎಲ್ಲಿಗೋ ಹೋಗಿದೆ. ಬರೀ ಆ ತೆರಿಗೆಯ ಹಣಕ್ಕೆ ನಮ್ಮ ಉಡುಪಿಯಲ್ಲಿ ಒಂದು ಒಳ್ಳೆಯ ಎ.ಸಿ. ರೂಮು ಸಿಗ್ತದೆ.

ಹೋಟೆಲ್ ಇರುವುದು ಲೋವರ್ ಪರೇಲ್‌ನಲ್ಲಿ. ಹೆಸರು ಬೇಡ, ನಾನು ಜಾಹೀರಾತು ಬರೆಯುತ್ತಿಲ್ಲ. ಗೇಟಿನಲ್ಲಿ ಕಾರಿನ ಅಡಿಗೆ ಕನ್ನಡಿ ಹಿಡಿದು ನೋಡಿದರು, ಚೀಲವನ್ನು ಯಂತ್ರದೊಳಗೆ ಹಾಕಿದರು. 2008ರ ನವೆಂಬರ್ 26ರ ದಾಳಿಯ ನಂತರ ಅಲ್ಲಿಯ ದೊಡ್ಡ ಹೋಟೆಲುಗಳಿಗೆಲ್ಲ ಇದೇ ಪದ್ಧತಿ. ಲಿಫ್ಟಿಗೆ ಕಾರ್ಡ್ ತೋರಿಸದಿದ್ದರೆ ಅದು ಅಲ್ಲಾಡುವುದಿಲ್ಲ. ತೋರಿಸಿದರೆ ಕಿವಿ ಕಟ್ಟುವಷ್ಟು ವೇಗ. ರೂಮು ಮೂವತ್ತರ ಆಚೆಯ ಮಹಡಿಯಲ್ಲಿ.

ಒಳಗೆ ಹೋದವನು ನಾನು ಮೊದಲು ನೋಡಿದ್ದು ಹಾಸಿಗೆಯನ್ನಲ್ಲ, ಬಾತ್‌ರೂಮನ್ನು. ಹಾರ್ಡ್‌ವೇರ್ ಅಂಗಡಿಯವನ ಬುದ್ಧಿ. ಶವರ್ ತಿರುಗಿಸಿದೆ ನೋಡು, ಅಷ್ಟು ಎತ್ತರದಲ್ಲಿ ಬೆನ್ನಿಗೆ ಬಡಿಯುವ ಹಾಗೆ ನೀರು! ಬಿಸಿನೀರಿಗೆ ಒಂದು ಬಕೆಟ್ ತಣ್ಣೀರು ಚೆಲ್ಲಿ ಕಾಯಬೇಕಾಗಿಲ್ಲ, ಮುಟ್ಟಿದ ಕೂಡಲೇ ಬಿಸಿ. ನಿನಗೆ ಇದರ ಬೆಲೆ ಗೊತ್ತಾಗಬೇಕಾದರೆ ಸ್ವಲ್ಪ ಲೆಕ್ಕ ಕೇಳಬೇಕು. ನೀರಿನ ಎತ್ತರ ಹತ್ತು ಮೀಟರ್ ಹೆಚ್ಚಿದರೆ ಪೈಪಿನೊಳಗೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಹೆಚ್ಚುತ್ತದೆ. ನೂರು ಮೀಟರ್ ಮೇಲೆ ಒಂದೇ ಟ್ಯಾಂಕ್ ಇಟ್ಟು ಸೀದಾ ಪೈಪ್ ಇಳಿಸಿದರೆ ಕೆಳಗಿನ ಮಹಡಿಯ ನಲ್ಲಿಗೆ ಹತ್ತು ಕೆಜಿ ಒತ್ತಡ. ಅಲ್ಲಿ ವಾಷರ್ ಹಾರಿಹೋಗ್ತದೆ, ಟ್ಯಾಂಕಿನ ಹತ್ತಿರದ ಮಹಡಿಗೆ ಮಾತ್ರ ಸಪೂರ ನೀರು. ಅದಕ್ಕೆ ಕಟ್ಟಡವನ್ನು ನೀರಿನ ಮಟ್ಟಿಗೆ ನಾಲ್ಕೈದು ತುಂಡು ಮಾಡಿ, ಒಂದೊಂದು ತುಂಡಿಗೆ ಬೇರೆ ಪಂಪು, ಒತ್ತಡ ತಗ್ಗಿಸುವ ವಾಲ್ವು ಇಡುತ್ತಾರೆ. ಬಿಸಿನೀರು ಪೈಪಿನಲ್ಲಿ ನಿಲ್ಲುವುದೇ ಇಲ್ಲ, ಇಪ್ಪತ್ತನಾಲ್ಕು ಗಂಟೆಯೂ ಸುತ್ತುತ್ತಿರುತ್ತದೆ. ಆ ನೀರಾದರೂ ಎಲ್ಲಿಯದು? ಭಾತ್ಸಾ, ತಾನ್ಸಾ, ವೈತರಣಾ ಕಡೆಯ ಜಲಾಶಯಗಳದ್ದು, ನೂರು ಕಿಲೋಮೀಟರ್ ದೂರದಿಂದ ಬರುವಂಥದ್ದು. ಇಲ್ಲಿ ಮೇ ತಿಂಗಳಲ್ಲಿ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನ ತಳ ಕಂಡರೆ ನನ್ನ ಅಂಗಡಿಯಲ್ಲಿ ಟ್ಯಾಂಕ್ ವ್ಯಾಪಾರ ಜೋರು. ಇರಲಿ, ವ್ಯಾಪಾರದ ಗುಟ್ಟು ಎಲ್ಲ ಇಲ್ಲಿ ಬರೆಯಬಾರದು.

ಹಾಸಿಗೆ, ದಿಂಬು, ಮಿನಿಬಾರ್, ಸಂಜೆ ಬಂದು ಪರದೆ ಎಳೆದು ಚಾಕ್ಲೇಟ್ ಇಟ್ಟು ಹೋಗುವುದು, ಇದೆಲ್ಲ ಎಲ್ಲರೂ ಬರೆಯುವಂಥದ್ದೇ. ಒಂದು ಅಂಗಿ ಒಗೆಯುವ ರೇಟು ನೋಡಿ ನಾನೇ ಬಾತ್‌ರೂಮಿನಲ್ಲಿ ಒಗೆದು ಹರವಿದೆ.

ಆದರೆ ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಿಟಕಿಯ ಹತ್ತಿರ. ಕಿಟಕಿ ತೆರೆಯಲಿಕ್ಕಿಲ್ಲ. ಎರಡು ಪದರದ ಗಾಜು, ನಡುವೆ ಸ್ವಲ್ಪ ಜಾಗ ಬಿಟ್ಟು ಮುಚ್ಚಿದ್ದು. ಕೆಳಗೆ ಸೇನಾಪತಿ ಬಾಪಟ್ ಮಾರ್ಗದಲ್ಲಿ ವಾಹನ ಕಿಕ್ಕಿರಿದು ನಿಂತಿವೆ, ಲೋಕಲ್ ಟ್ರೈನ್ ಹೋಗ್ತಾ ಉಂಟು, ಶಬ್ದ ಮಾತ್ರ ಇಲ್ಲ. ಹಾರ್ನ್ ಇಲ್ಲ, ಬೊಬ್ಬೆ ಇಲ್ಲ, ವಾಸನೆ ಇಲ್ಲ. ಮುಂಬಯಿಯಲ್ಲಿ ಅನ್ನ ಅಗ್ಗಕ್ಕೂ ಸಿಗ್ತದೆ, ಅದನ್ನು ಬಡಿಸಿದವರೇ ನಮ್ಮ ಊರಿನವರು. ಸಿಗದೆ ಇರುವುದು ಪಕ್ಕದಲ್ಲಿ ಯಾರೂ ಇಲ್ಲದ ಜಾಗ. ಅದನ್ನೇ ಮಾರ್ತಾರೆ ಮಾರಾಯ. ನಿಮ್ಮ ಹೋಟೆಲಿನಲ್ಲಿ ಒಬ್ಬನ ಎದುರಿಗೆ ಇನ್ನೊಬ್ಬ ಕೂತು, ಹಿಂದೆ ಮತ್ತೊಬ್ಬ ಸೀಟಿಗೆ ಕಾಯುತ್ತಾ ನಿಂತು, ಹತ್ತು ನಿಮಿಷದಲ್ಲಿ ಊಟ ಮುಗಿಯಬೇಕು. ಇಲ್ಲಿ ಯಾರೂ ಏಳಿಸುವುದಿಲ್ಲ.

ನನಗೆ ಅದು ಇಷ್ಟವಾಯಿತು. ನೀನು ಬೈಯಬಹುದು. "ನಮಗೆ ಹಿಡಿಸಲಿಲ್ಲ, ನಮ್ಮ ಮನೆಯ ಚಾವಡಿಯೇ ಸುಖ" ಅಂತ ಬರೆದರೆ ಓದುವವರಿಗೆ ಖುಷಿ, ಆದರೆ ಸುಳ್ಳಾಗ್ತದೆ. ರಾತ್ರಿ ಕುರ್ಚಿ ಎಳೆದುಕೊಂಡು ತುಂಬ ಹೊತ್ತು ಕೂತಿದ್ದೆ. ಆಗ ಕಟ್ಟಡಗಳ ನಡುವೆ ಒಂದು ಹಳೆಯ ಮಿಲ್ಲಿನ ಚಿಮಣಿ ಕಂಡಿತು. ನೀನು ಮೊದಲು ಮುಂಬಯಿಗೆ ಹೋದಾಗ ಆ ಮಿಲ್ಲುಗಳು ಓಡುತ್ತಿದ್ದವು, ಭೋಂಗಾ, ಅಂದರೆ ಮಿಲ್ಲಿನ ಸೈರನ್, ಕೇಳಿ ಗಂಟೆ ತಿಳಿಯುತ್ತಿತ್ತು ಅಂತ ನೀನೇ ಹೇಳಿದ್ದಿ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ನಿಂತು ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಎಷ್ಟೋ ಮಿಲ್ಲುಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ. ಆ ಜಾಗದಲ್ಲಿ ಈಗ ಮಾಲು, ಆಫೀಸು, ಇಂಥ ಗೋಪುರಗಳು. ಊರಿಡೀ ಕೇಳುವ ಸದ್ದಿದ್ದ ಜಾಗವನ್ನೇ ಇಷ್ಟು ನಿಶ್ಶಬ್ದ ಮಾಡಿದ್ದಾರೆ. ಅದು ಹೊಳೆದ ಮೇಲೆ ಸ್ವಲ್ಪ ಇರಿಸುಮುರಿಸಾಯಿತು. ಹಾಗಂತ ಪರದೆ ಎಳೆಯಲಿಲ್ಲ, ಅದೂ ನಿಜವೇ.

ಮರುದಿನ ರಿಸೆಪ್ಶನ್‌ನಲ್ಲಿ ನನ್ನ ಆಧಾರ್ ವಿಳಾಸ ನೋಡಿದ ಹುಡುಗ ಮೆಲ್ಲ ತುಳುವಿನಲ್ಲಿ "ಊರು ಓಲು?" (ಊರು ಎಲ್ಲಿ?) ಅಂದ. ಕಾರ್ಕಳ ಕಡೆಯವನಂತೆ, ಮಣಿಪಾಲದ ಹೋಟೆಲ್ ಕಾಲೇಜಿನಲ್ಲಿ ಕಲಿತವನು, 1986ರಲ್ಲಿ ಶುರುವಾದದ್ದು ಉಂಟಲ್ಲ, ಅದೇ. ಅವನು ಹೋಟೆಲ್ ಕೆಲಸ ಕಲಿತದ್ದು ಫೀಸು ಕೊಟ್ಟು, ನೀನು ಕಲಿತದ್ದು ಪೆಟ್ಟು ತಿಂದು. ನಿನ್ನ ಕಥೆ ಹೇಳಿದೆ. ಟೇಬಲಿನ ಮೇಲೆ ಮಲಗುತ್ತಿದ್ದದ್ದನ್ನು ಕೇಳಿ ನಗಲಿಲ್ಲ, "ನಮಗೂ ಡಬಲ್ ಶಿಫ್ಟ್ ಬಿದ್ದರೆ ಲಾಕರ್ ರೂಮಿನ ಬೆಂಚೇ ಸಾರ್" ಅಂದ. ರೂಮು ಗುಡಿಸುವವರಿಗೆ ಒಬ್ಬೊಬ್ಬರಿಗೆ ದಿನಕ್ಕೆ ಹದಿನಾಲ್ಕರ ಆಸುಪಾಸು ರೂಮು ಅಂತೆ. ಅವರ ಲಿಫ್ಟ್ ಬೇರೆ, ದಾರಿ ಬೇರೆ. ಒಂದು ಸಲ ಆ ಬಾಗಿಲು ತೆರೆದಾಗ ಇಣುಕಿದೆ. ಕಾರ್ಪೆಟ್ ಇಲ್ಲ, ಟ್ಯೂಬ್‌ಲೈಟು, ಬಟ್ಟೆ ತುಂಬಿದ ಟ್ರಾಲಿಗಳು, ಒಳಗೆಲ್ಲ ಜೋರು ಮಾತು. ಶಬ್ದ ಪೂರ್ತಿ ಅಲ್ಲಿ ಇತ್ತು.

ತಿಂಡಿಯ ವಿಷಯ ಕೇಳದೆ ನೀನು ಬಿಡುವುದಿಲ್ಲ. ಬಫೆಯಲ್ಲಿ ಇಡ್ಲಿ ಇತ್ತು, ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದು, ಮೆತ್ತಗಿತ್ತು. ದೋಸೆ ಎದುರಿಗೇ ಹೊಯ್ದು ಕೊಟ್ಟರು, ತಪ್ಪು ಹೇಳುವಂತಿಲ್ಲ. ಕಾಫಿ ಯಂತ್ರದ್ದು. ಸಾಂಬಾರಿನ ವಿಷಯ ಮಾತ್ರ ಆದಿತ್ಯವಾರ ನಿನ್ನ ಹೋಟೆಲಿಗೆ ಬಂದಾಗ ಹೇಳ್ತೇನೆ. ಅದು ನಾಲ್ಕು ಜನ ಓದುವಲ್ಲಿ ಬರೆಯುವಂಥದ್ದಲ್ಲ.

ನಿನ್ನ,
ಹಾರ್ಡ್‌ವೇರ್ ಅಂಗಡಿಯವ