ಗೇಟಿನ ಮುಂದೆ ನಡೆದ ಅಪಘಾತ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ಗುರುವಾರ ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಗೇಟಿನ ಮುಂದೆ ರಿವರ್ಸ್ ಬರುತ್ತಿದ್ದ ಕಾರೊಂದು ನಮ್ಮ ಮೂರನೇ ತರಗತಿಯ ಹುಡುಗಿಗೆ ಬಡಿಯಿತು. ಕಾಲಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದಾರೆ. ಮಗು ಮನೆಯಲ್ಲಿದ್ದಾಳೆ, ಆರಾಮಾಗಿದ್ದಾಳೆ. ಕಾರು ಓಡಿಸುತ್ತಿದ್ದವರೂ ನಮ್ಮ ಶಾಲೆಯ ಪೋಷಕರೇ.

ನನಗೆ ಜಾಸ್ತಿ ಬೇಸರವಾಗಿದ್ದು ಸುತ್ತ ನಿಂತವರ ಮಾತಿನಿಂದ. "ಮಗುನೇ ಅಡ್ಡ ಬಂತು" ಅಂದರು ಒಬ್ಬರು. "ಐದು ಸಾವಿರ ಕೊಟ್ಟು ಇಲ್ಲೇ ಮುಗಿಸಿ, ಸ್ಟೇಷನ್ ಯಾಕೆ?" ಅಂದರು ಇನ್ನೊಬ್ಬರು. ಮಗುವನ್ನು ಎತ್ತಿಕೊಳ್ಳಲು ಓಡಿದ ನಮ್ಮ ಆಯಾಗೆ "ಮುಟ್ಟಬೇಡಮ್ಮ, ಕೇಸಾಗುತ್ತೆ" ಎಂದವರೂ ಇದ್ದರು!

ಎಂಟು ವರ್ಷದ ಮಗು ಅಡ್ಡ ಬಂದೇ ಬರುತ್ತದೆ. ಶಾಲೆ ಮುಂದೆ ಹಿಂದೆಮುಂದೆ ನೋಡಿ ಓಡಿಸಬೇಕಾದವರು ನಾವು. ಅಷ್ಟು ಚಿಕ್ಕ ಮಕ್ಕಳ ಮೇಲೆ ತಪ್ಪು ಹೊರಿಸಿದರೆ ಕೋರ್ಟುಗಳೂ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇನ್ನು ಆ ಐದು ಸಾವಿರ. ಎಕ್ಸ್‌ರೇ, ಪ್ಲಾಸ್ಟರಿಗೇ ಅದು ಸಾಕಾಗುವುದಿಲ್ಲ. ಬೆಳೆಯುವ ಮೂಳೆ ಬೇರೆ. ನಾಳೆ ಆಪರೇಷನ್ ಬೇಕೆಂದರೆ ಆ ಮನೆಯವರು ಯಾರನ್ನು ಕೇಳಬೇಕು? ನಾವು ವರ್ಷ ವರ್ಷ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಟ್ಟುವುದು ಇದಕ್ಕೇ ಅಲ್ವಾ? ಪೊಲೀಸರಲ್ಲಿ ದಾಖಲೆಯೇ ಇಲ್ಲದಿದ್ದರೆ ಆ ಹಣ ಪಡೆಯುವುದು ಕಷ್ಟ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ, ಗಾಯವಾದವರಿಗೆ ಚಿಕಿತ್ಸೆ ಕೊಡಿಸುವುದು, ತಡವೆಂದರೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಓಡಿಸಿದವರ ಕೆಲಸ. ಆ ಪೋಷಕರು ಎರಡನ್ನೂ ಮಾಡಿದರು. ಯಾರ ಮಾತಿಗೂ ಕಿವಿಗೊಡಲಿಲ್ಲ. ಅದಕ್ಕೆ ಅವರನ್ನು ಮೆಚ್ಚಬೇಕು.

ನಮ್ಮ ಆಯಾ ಮಾಡಿದ್ದೂ ಸರಿಯೇ. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ ಎಂದು ಅದೇ ಕಾಯ್ದೆಯ 2019ರ ತಿದ್ದುಪಡಿಯೇ ಹೇಳುತ್ತದೆ. ಹೆಸರು ಹೇಳಲೇಬೇಕು ಎಂದು ಪೊಲೀಸರೂ ಒತ್ತಾಯಿಸುವಂತಿಲ್ಲ.

ಹೈಸ್ಕೂಲ್ ಪೋಷಕರಿಗೆ ಒಂದು ಮಾತು. ಮಗನ ಕೈಗೆ ಸ್ಕೂಟರ್ ಕೀ ಕೊಟ್ಟು ಕಳಿಸುವವರು ಇದ್ದೀರಿ, ನನಗೆ ಗೊತ್ತು. ಸಿಕ್ಕಿಬಿದ್ದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಸೋಮವಾರದಿಂದ ಬೆಳಿಗ್ಗೆ, ಸಂಜೆ ಗೇಟಿನ ಮುಂದೆ ಯಾವ ಗಾಡಿಯೂ ನಿಲ್ಲುವಂತಿಲ್ಲ. ನೀರಿನ ಟ್ಯಾಂಕ್ ಹತ್ತಿರ ನಿಲ್ಲಿಸಿ, ಮಗುವಿನ ಕೈ ಹಿಡಿದು ನಡೆದು ಬನ್ನಿ. ನನ್ನ ಸ್ಕೂಟರ್ ಕೂಡ ಅಲ್ಲೇ ನಿಂತಿರುತ್ತದೆ.

ಇಂತಿ,
ಮುಖ್ಯೋಪಾಧ್ಯಾಯಿನಿ