ಎಲ್ಲವನ್ನೂ ಒಟ್ಟಿಗೆ ಅನುಮಾನಿಸಬೇಡ

ಸುಂಟಿಕೊಪ್ಪ

ಪ್ರೀತಿಯ ಚಿನ್ನುಗೆ ದೊಡ್ಡಪ್ಪನ ಆಶೀರ್ವಾದಗಳು.

"ಈ ಟೇಬಲ್ಲು, ಹಾಸ್ಟೆಲ್ಲು, ನೀವೆಲ್ಲ ನಿಜವಾಗಿ ಇದ್ದೀರಿ ಅನ್ನೋದಕ್ಕೆ ಏನು ಗ್ಯಾರಂಟಿ?" ಅಂತ ಬರೆದಿದ್ದೀಯ. ನಿನ್ನಮ್ಮ ಗಾಬರಿಯಾಗಿದ್ದಾಳೆ. ನನಗೆ ಖುಷಿಯೇ ಆಯಿತು.

ಈಗ ಕಾಣುತ್ತಿರುವುದೆಲ್ಲ ಕನಸಲ್ಲ ಅಂತ ಹೇಗೆ ಗೊತ್ತು ಅಂತ ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ 1641ರಲ್ಲಿ ತನ್ನ 'ಮೆಡಿಟೇಶನ್ಸ್' ಪುಸ್ತಕದಲ್ಲಿ ಎತ್ತಿದ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕನಸು ಕೂಡ ಕಾಣುವಷ್ಟು ಹೊತ್ತು ನಿಜವೇ ಅಲ್ವಾ? ಆದರೆ ಆ ಪುಸ್ತಕದಲ್ಲಿ ಆರು ಧ್ಯಾನಗಳಿವೆ, ಅಂದರೆ ಆರು ಅಧ್ಯಾಯ; ನೀನು ಮೊದಲನೆಯದಕ್ಕೇ ಪುಸ್ತಕ ಮುಚ್ಚಿಟ್ಟ ಹಾಗಿದೆ. ಇಷ್ಟು ದೊಡ್ಡ ಅನುಮಾನ ಜೀವನದಲ್ಲಿ ಒಂದು ಸಲ ಪಟ್ಟರೆ ಸಾಕು ಅಂತ ಅವನೇ ಹೇಳಿದ್ದಾನೆ. ನೀನು ದಿನಾ ತಿಂಡಿಗೆ ಮುಂಚೆ ಪಡುತ್ತಿದ್ದೀಯ.

ಕಣ್ಣು ಮೋಸ ಮಾಡುತ್ತದೆ, ಹೌದು. ಮಳೆಗಾಲದಲ್ಲಿ ತೋಟಕ್ಕೆ ಮಂಜು ಇಳಿದಾಗ ಕಡಿದುಬಿಟ್ಟ ಮರದ ಬುಡ ಆನೆಯಂತೆ ಕಾಣುತ್ತದೆ. ಆನೆ ಬುಡದಂತೆ ನಿಂತಿರುತ್ತದೆ, ಅದು ಇನ್ನೂ ಕಷ್ಟ. ಆಗ ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರ್ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಗಾಳಿ ಯಾವ ಕಡೆಯಿಂದ ಅಂತ ನೋಡಿ ವಾಸನೆ ಹಿಡಿಯುತ್ತಾರೆ. ಕಿವಿ ಬಡಿಯುವ ಸದ್ದು ಬರುತ್ತಿದೆಯಾ, ದಾರಿಯಲ್ಲಿ ಹಸಿ ಲದ್ದಿ ಇದೆಯಾ, ಹಲಸಿನ ಕೊಂಬೆ ಮುರಿದಿದೆಯಾ, ಎಲ್ಲ ನೋಡಿ ಆಮೇಲೆ "ಬುಡ ಸಾರ್, ಬನ್ನಿ" ಅಂತಾರೆ. ಈಗ ಹೇಳು, ಕಣ್ಣಿನ ತಪ್ಪು ಹಿಡಿದದ್ದು ಯಾವುದು? ಮೂಗು, ಕಿವಿ, ಮತ್ತೆ ಅದೇ ಕಣ್ಣು. ಒಮ್ಮೆ ಮೋಸಹೋದೆ, ಹಾಗಾಗಿ ಎಲ್ಲವೂ ಮೋಸ ಅಂದರೆ, ಆ ಒಂದು ಮೋಸ ನಿನಗೆ ಗೊತ್ತಾದದ್ದಾದರೂ ಹೇಗೆ?

ಜಗತ್ತು ಮಿಥ್ಯೆ ಅನ್ನೋದಕ್ಕೆ ಶಂಕರರನ್ನೂ ಸಾಕ್ಷಿಗೆ ಕರೆದಿದ್ದೀಯ. ಬ್ರಹ್ಮಜ್ಞಾನದ ಮಾತು ಬೇರೆ. ಆದರೆ ಹೊರಗೆ ವಸ್ತುವೇ ಇಲ್ಲ, ಇರುವುದು ಅರಿವು ಮಾತ್ರ ಎಂದ ಬೌದ್ಧ ವಿಜ್ಞಾನವಾದಿಗಳನ್ನು ಅವರು ಬ್ರಹ್ಮಸೂತ್ರ ಭಾಷ್ಯದಲ್ಲಿ ಚೆನ್ನಾಗಿಯೇ ಜಾಡಿಸಿದ್ದಾರೆ. ಎಚ್ಚರವಾದರೆ ಕನಸು ಸುಳ್ಳಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬ ಹಾಗೆ ಸುಳ್ಳಾಗುವುದಿಲ್ಲ ಅಂತಾರೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಿ.ಇ. ಮೂರ್ 1939ರಲ್ಲಿ ಎರಡು ಕೈ ತೋರಿಸಿ, ಇದೊಂದು ಕೈ, ಇದಿನ್ನೊಂದು, ಹೊರಜಗತ್ತು ಇದೆ ಅಂತ ಸಾಧಿಸಿದ್ದಾಯಿತು ಅಂದ. ಸ್ವಲ್ಪ ಉದ್ಧಟತನ ಅನ್ನು, ಆದರೂ ನನಗೆ ಹಿಡಿಸುತ್ತದೆ.

ಇಷ್ಟಕ್ಕೇ ಕನಸಿನ ವಾದ ಬಿದ್ದುಹೋಯಿತು ಅಂತ ನಾನು ಹೇಳುವುದಿಲ್ಲ. ನೂರಕ್ಕೆ ನೂರು ಖಾತ್ರಿ ಸಿಗಲಿಕ್ಕಿಲ್ಲ. ಅಂದಮಾತ್ರಕ್ಕೆ ಏನೂ ಗೊತ್ತಿಲ್ಲ ಅಂತಾಗುವುದಿಲ್ಲ. ಅನುಮಾನ ಪಡು, ಆದರೆ ಕಾರಣ ಇಟ್ಟುಕೊಂಡು, ಒಂದೊಂದನ್ನೇ ಹಿಡಿದು. ರಾತ್ರಿಯೆಲ್ಲ ಎದ್ದು ಕೂರುವುದು ಮಾತ್ರ ಬೇಡ.

ದಸರಾ ರಜೆಗೆ ಬರುವಾಗ ಆರನೇ ಧ್ಯಾನ ಓದಿಕೊಂಡು ಬಾ. ದೇವರು ಮೋಸಗಾರನಲ್ಲ, ಆದ್ದರಿಂದ ಹೊರಗಿನ ವಸ್ತುಗಳು ಇವೆ ಅಂತ ಡೆಕಾರ್ಟ್ ಅಲ್ಲಿ ವಾದಿಸುತ್ತಾನೆ. ನನಗಂತೂ ಅದು ಗಟ್ಟಿ ಅನಿಸಿಲ್ಲ. ನೀನೇನು ಹೇಳುತ್ತೀಯೋ ಕೇಳಬೇಕು.

ಇಂತಿ,
ನಿನ್ನ ದೊಡ್ಡಪ್ಪ