ಕಲೀಮುಲ್ಲಾ ಅವರಿಗೆ, ಅವರ ಆಟ ನಿಲ್ಲದಂತೆ ನೋಡಿಕೊಂಡವರಿಗೆ

2025ರ ಮಾರ್ಚ್ 2ರಂದು ಪಾಕಿಸ್ತಾನ ಫುಟ್‌ಬಾಲ್ ಫೆಡರೇಶನ್ ಮೇಲಿದ್ದ ಅಮಾನತನ್ನು ಫಿಫಾ ತೆರವು ಮಾಡಿತು. 2017ರ ಅಕ್ಟೋಬರ್‌ನಿಂದ ಲೆಕ್ಕ ಹಾಕಿದರೆ ಇದು ಮೂರನೆಯ ಅಮಾನತು. ಮೊದಲನೆಯದು ಐದು ತಿಂಗಳು, ಎರಡನೆಯದು ಒಂದು ವರ್ಷಕ್ಕೂ ಹೆಚ್ಚು, ಕೊನೆಯದು ಒಂದು ತಿಂಗಳಿಗೂ ಕಡಿಮೆ. ಬಾಗಿಲು ತೆರೆದ ಈ ಹೊತ್ತಿನಲ್ಲಿ ಕಚೇರಿಗಳಿಗಿಂತ ಮೊದಲು ನೆನೆಯಬೇಕಾದವರು ಬಾಗಿಲು ಮುಚ್ಚಿದ್ದಾಗಲೂ ಆಟ ಬಿಡದವರು. ಬೆಂಗಳೂರಿನಲ್ಲಿ ಫುಟ್‌ಬಾಲ್ ಹಚ್ಚಿಕೊಂಡವರು ನಾವು. ಹಾಗೆ ಆಟ ಬಿಡದವರಲ್ಲಿ ಒಬ್ಬರಾದ, ಪಾಕಿಸ್ತಾನದ ಮುಂಚೂಣಿ ಆಟಗಾರ ಕಲೀಮುಲ್ಲಾ ಖಾನ್ ಅವರಿಗೆ, ಅವರ ಹಿಂದೆ ನಿಂತವರಿಗೆ ಕನ್ನಡದಲ್ಲಿ ಕೃತಜ್ಞತೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ಮೊದಲ ನಮಸ್ಕಾರ ಚಮನ್ ಊರಿಗೆ. ಬಲೂಚಿಸ್ತಾನದ ಅಂಚಿನಲ್ಲಿ, ಅಫ್ಘಾನಿಸ್ತಾನದ ಗಡಿಗೆ ತಾಗಿಕೊಂಡಿರುವ ಊರು ಅದು. ಪಾಕಿಸ್ತಾನ ಎಂದರೆ ಕ್ರಿಕೆಟ್ ಎಂದುಕೊಂಡವರಿಗೆ ಚಮನ್ ಗೊತ್ತಿರುವುದಿಲ್ಲ. ದೇಶದ ಪ್ರೀಮಿಯರ್ ಲೀಗ್‌ಗೆ ಈ ಒಂದೇ ಊರು ಅಫ್ಘಾನ್ ಎಫ್‌ಸಿ, ಮುಸ್ಲಿಂ ಎಫ್‌ಸಿ ಎಂಬ ಎರಡು ತಂಡಗಳನ್ನು ಕಳಿಸಿತು. ರಾಷ್ಟ್ರೀಯ ತಂಡದ ನಾಯಕರಾಗಿದ್ದ ಮುಹಮ್ಮದ್ ಈಸಾ ಇಲ್ಲಿಯವರು. 1992ರ ಸೆಪ್ಟೆಂಬರ್ 20ರಂದು ಹುಟ್ಟಿದ ಕಲೀಮುಲ್ಲಾ ಅವರೂ ಇಲ್ಲಿಯವರೇ. ಆ ಕಡೆಯ ಒಣ ನೆಲ ಆಟಗಾರನಿಗೆ ಕೊಡುವ ಪಾಠವೇ ಬೇರೆ. ಗಟ್ಟಿ ನೆಲಕ್ಕೆ ಬಿದ್ದ ಚೆಂಡು ಹುಲ್ಲಿನ ಮೇಲೆ ಬಿದ್ದದ್ದಕ್ಕಿಂತ ಎತ್ತರ ಪುಟಿಯುತ್ತದೆ, ಮುಂದಕ್ಕೂ ಬೇಗ ಜಾರುತ್ತದೆ. ಪಾದಕ್ಕೆ ತಾಗಿದ ಮೊದಲ ಕ್ಷಣದಲ್ಲೇ ಅದನ್ನು ಅಡಗಿಸದಿದ್ದರೆ ಎದುರಾಳಿಯ ಪಾಲು. ಅಡಿಯಲ್ಲಿ ಉದ್ದನೆಯ ಸ್ಟಡ್, ಅಂದರೆ ಗುಬಟು, ಇರುವ ಬೂಟು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸ್ಟಡ್ ನೆಲಕ್ಕೆ ಇಳಿಯದೆ ಭಾರವೆಲ್ಲ ಹಿಮ್ಮಡಿಗೂ ಮೊಣಕಾಲ ಕೆಳಗಿನ ಎಲುಬಿಗೂ ಏರಿ ನೋವು ಶುರುವಾಗುತ್ತದೆ. ಆದ್ದರಿಂದ ಗಿಡ್ಡ ರಬ್ಬರ್ ಗುಬಟುಗಳ ಬೂಟೇ ಅಭ್ಯಾಸವಾಗುತ್ತದೆ. ಅದೇ ಬೂಟು ತೊಟ್ಟು ಒದ್ದೆ ಹುಲ್ಲಿಗೆ ಇಳಿದರೆ ತಿರುವಿನಲ್ಲಿ ಕಾಲು ಜಾರುತ್ತದೆ. ಇಂಥ ನೆಲದಿಂದ ಹೊರಟ ಹುಡುಗ ವಿದೇಶದ ಕ್ಲಬ್‌ಗೆ ಹೋದಾಗ ಮೊದಲು ಬದಲಾಯಿಸಬೇಕಾದದ್ದು ಬೂಟು, ಆಮೇಲೆ ಓಡುವ ಹೆಜ್ಜೆ. ಮೊದಲ ಸ್ಪರ್ಶ ಮಾತ್ರ ಬದಲಾಗಬೇಕಿಲ್ಲ, ಅದು ಆ ನೆಲ ಉಚಿತವಾಗಿ ಕೊಟ್ಟು ಕಳಿಸಿದ್ದು.

ಎರಡನೆಯ ನಮಸ್ಕಾರ ಸಂಬಳ ಕೊಟ್ಟವರಿಗೆ. ಪಾಕಿಸ್ತಾನದ ಫುಟ್‌ಬಾಲ್ ನಿಂತಿದ್ದು ಇಲಾಖೆ ತಂಡಗಳ ಮೇಲೆ: ವಿದ್ಯುತ್ ಮತ್ತು ನೀರಿನ ವಾಪ್ಡಾ, ಸೇನೆ, ಬ್ಯಾಂಕು, ವಿಮಾನ ಸಂಸ್ಥೆ. ಎಚ್‌ಎಎಲ್, ಐಟಿಐ ತಂಡಗಳನ್ನು ನೋಡಿ ಬೆಳೆದ ಬೆಂಗಳೂರಿಗರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಕಲೀಮುಲ್ಲಾ ಆಡಿದ್ದು ಖಾನ್ ರಿಸರ್ಚ್ ಲ್ಯಾಬೊರೇಟರೀಸ್, ಅಂದರೆ ಕೆಆರ್‌ಎಲ್ ತಂಡಕ್ಕೆ. 2011-12ರಿಂದ ಸತತ ಮೂರು ಸಲ ಆ ತಂಡ ಲೀಗ್ ಗೆದ್ದಿತು. ಅದರ ನಡುವಿನ 2012-13ರಲ್ಲಿ ಕಲೀಮುಲ್ಲಾ ಒಬ್ಬರೇ 35 ಗೋಲು ಹೊಡೆದರು. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ 2013ರ ಎಎಫ್‌ಸಿ ಪ್ರೆಸಿಡೆಂಟ್ಸ್ ಕಪ್‌ನಲ್ಲಿ ಕೆಆರ್‌ಎಲ್ ಫೈನಲ್ ತನಕ ಹೋಗಿ, ತುರ್ಕಮೆನಿಸ್ತಾನದ ಬಾಲ್ಕನ್ ತಂಡಕ್ಕೆ 1-0ರಿಂದ ಸೋತಿತು. ಹೊರಗಿನವರ ಕಣ್ಣಿಗೆ ಬೀಳಲು ಅಂಥ ಒಂದು ಟೂರ್ನಿ ಬೇಕೇ ಬೇಕು. ಸ್ವಂತ ಲೀಗ್‌ನಲ್ಲಿ 35 ಗೋಲು ಹೊಡೆದರೂ ಅದನ್ನು ಹೊರದೇಶದ ಕೋಚ್ ನೋಡಿರುವುದಿಲ್ಲ.

ಇಲಾಖೆ ತಂಡಗಳಿಗೆ ಅವುಗಳದೇ ಮಿತಿಯಿದೆ, ಅದನ್ನೂ ಹೇಳಿಬಿಡಬೇಕು. ತಿಂಗಳ ಸಂಬಳ ಖಾತ್ರಿ, ಗಾಯವಾದರೂ ಕೆಲಸ ಇರುತ್ತದೆ. ಆದರೆ ಇಲಾಖೆ ಎಂದರೆ ಕ್ಲಬ್ ಅಲ್ಲ. ಟಿಕೆಟ್ ಮಾರುವುದಿಲ್ಲ, ಮಕ್ಕಳ ತಂಡ ಕಟ್ಟುವುದಿಲ್ಲ, ಆಟಗಾರನನ್ನು ಬೆಲೆಗೆ ಬಿಟ್ಟುಕೊಡುವುದೂ ಇಲ್ಲ. ಮೇಲಿನಿಂದ ಒಂದು ಆದೇಶ ಬಂದರೆ ತಂಡವೇ ಇಲ್ಲವಾಗುತ್ತದೆ. 2021ರಲ್ಲಿ ಸರ್ಕಾರ ಇಲಾಖೆಗಳ ಕ್ರೀಡೆಯನ್ನು ನಿಲ್ಲಿಸಿದಾಗ ಆದದ್ದು ಅದೇ. 2022ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟರು. ನಡುವೆ ಕೆಲಸ ಕಳೆದುಕೊಂಡ ಆಟಗಾರರ ವಯಸ್ಸು ಮಾತ್ರ ನಿಂತಿರಲಿಲ್ಲ.

ಮೂರನೆಯದು ಕಾಗದ ಸರಿಯಾದ ಹೊತ್ತಿಗೆ ಕಳಿಸಿದವರಿಗೆ. ಇದನ್ನು ಯಾರೂ ನೆನೆಯುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಆಟಗಾರನೊಬ್ಬ ದೇಶ ಬಿಟ್ಟು ದೇಶಕ್ಕೆ ಆಡಲು ಹೋಗಬೇಕಾದರೆ ಐಟಿಸಿ ಎಂಬ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬೇಕು. ಹೊಸ ದೇಶದ ಫೆಡರೇಶನ್ ಕೇಳುತ್ತದೆ, ಹಳೆಯ ದೇಶದ ಫೆಡರೇಶನ್ ಕೊಡಬೇಕು. ಕೊಡದಿದ್ದರೆ ಆಟಗಾರ ಅಭ್ಯಾಸ ಮಾಡಬಹುದು, ಪಂದ್ಯಕ್ಕೆ ಇಳಿಯುವಂತಿಲ್ಲ. ವರ್ಗಾವಣೆಯ ಕಿಟಕಿ ವರ್ಷಕ್ಕೆ ಎರಡೇ ಸಲ ತೆರೆಯುವುದು, ಅದೂ ಕೆಲವು ವಾರ. ಹಳೆಯ ಕಡೆಯವರು ಉತ್ತರಿಸದೆ ಕೂತರೆ ಕಾದು ತಾತ್ಕಾಲಿಕ ನೋಂದಣಿ ಮಾಡಿಸುವ ದಾರಿಯೂ ನಿಯಮದಲ್ಲಿದೆ, ಆದರೆ ಅಷ್ಟರಲ್ಲಿ ಲೀಗ್‌ನ ಮೊದಲ ಪಂದ್ಯಗಳು ಮುಗಿದಿರುತ್ತವೆ, ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ. 2014ರಲ್ಲಿ ಕಲೀಮುಲ್ಲಾ ಮತ್ತು ಸಹ ಆಟಗಾರ ಮುಹಮ್ಮದ್ ಆದಿಲ್ ಕಿರ್ಗಿಸ್ತಾನದ ದೊರ್ದೊಯ್ ಬಿಷ್ಕೆಕ್ ತಂಡ ಸೇರಿದರು. ಅಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದರಿಂದ ಲೀಗ್ ವಸಂತದಲ್ಲಿ ಶುರುವಾಗಿ ಚಳಿ ಬೀಳುವ ಮುಂಚೆ ಮುಗಿಯುತ್ತದೆ. ಆ ವರ್ಷ ದೊರ್ದೊಯ್ ಚಾಂಪಿಯನ್ ಆಯಿತು. ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಚಮನ್‌ನ ಹುಡುಗ ಕಲೀಮುಲ್ಲಾ.

ಅದೇ ವರ್ಷದ ಆಗಸ್ಟ್‌ನಲ್ಲಿ ಪಾಕಿಸ್ತಾನ ತಂಡ ಬೆಂಗಳೂರಿಗೆ ಬಂತು. ಏಷ್ಯನ್ ಗೇಮ್ಸ್‌ಗೆ ಸಜ್ಜಾಗುತ್ತಿದ್ದ ಭಾರತದ 23 ವರ್ಷದೊಳಗಿನವರ ಜೊತೆ ಎರಡು ಸ್ನೇಹ ಪಂದ್ಯ. 17ರಂದು ಭಾರತ 1-0ರಿಂದ ಗೆದ್ದಿತು. 20ರಂದು ಪಾಕಿಸ್ತಾನ 2-0. ಗೋಲು ಹೊಡೆದವರು ಕಲೀಮುಲ್ಲಾ ಮತ್ತು ಸದ್ದಾಂ ಹುಸೇನ್. ಮೂರು ದಿನದ ಹಿಂದೆ ಸೋತ ಮೈದಾನದಲ್ಲೇ ತಿರುಗಿ ಗೆಲ್ಲುವುದು ಸುಲಭವಲ್ಲ. ಕಿರ್ಗಿಸ್ತಾನದಲ್ಲಿ ವಾರ ವಾರ ಪಂದ್ಯ ಆಡುತ್ತಿದ್ದ ಕಾಲು ಅದಕ್ಕೆ ಒದಗಿತ್ತು ಎನ್ನುವುದು ನಮ್ಮ ತೀರ್ಮಾನ. ಆ ಸಂಜೆಗಾಗಿ ಈ ಊರಿನಿಂದ ಅವರಿಗೆ ವಿಶೇಷ ವಂದನೆ.

2015ರಲ್ಲಿ ಅವರು ಅಮೆರಿಕದ ಸ್ಯಾಕ್ರಮೆಂಟೊ ರಿಪಬ್ಲಿಕ್ ಸೇರಿ, ಅಲ್ಲಿ ವೃತ್ತಿಪರ ಫುಟ್‌ಬಾಲ್ ಆಡಿದ ಮೊದಲ ಪಾಕಿಸ್ತಾನಿಯಾದರು. ಆಮೇಲೆ ಅಲ್ಲಿಯದೇ ಟಲ್ಸಾ ತಂಡ, ಮುಂದೆ ಟರ್ಕಿ, ಇರಾಕ್. ಒಂದು ಕಡೆ ಬೇರೂರುವ ಮೊದಲೇ ಇನ್ನೊಂದು ಕಡೆಗೆ ಹೊರಡಬೇಕಾದ ಈ ಅಲೆದಾಟಕ್ಕೆ ಆಟದಾಚೆಗೂ ಕಾರಣಗಳಿರುತ್ತವೆ. ಅಮೆರಿಕ ಆಟಗಾರರಿಗೆ ಕೊಡುವ ಪಿ-1 ವೀಸಾಕ್ಕೆ ಅಂತರರಾಷ್ಟ್ರೀಯ ಮನ್ನಣೆ ತೋರಿಸಬೇಕು, ರಾಷ್ಟ್ರೀಯ ತಂಡಕ್ಕೆ ಆಡಿದ ಪಂದ್ಯಗಳು ಅದಕ್ಕೆ ಒಳ್ಳೆಯ ದಾಖಲೆ. ಇಂಗ್ಲೆಂಡಿನಲ್ಲಿ ಪರವಾನಗಿ ಕೊಡುವಾಗ ದೇಶದ ಫಿಫಾ ರ‍್ಯಾಂಕ್ ನೋಡುತ್ತಾರೆ. ದೇಶ ಪಂದ್ಯವನ್ನೇ ಆಡದಿದ್ದರೆ ದಾಖಲೆ ಹಳೆಯದಾಗುತ್ತದೆ, 2018ರ ಮುಂಚಿನ ಫಿಫಾ ಲೆಕ್ಕದಲ್ಲಿ ರ‍್ಯಾಂಕ್ ಕೂಡ ಕುಸಿಯುತ್ತಿತ್ತು. ಪಾಕಿಸ್ತಾನಕ್ಕೆ ಆದದ್ದು ಹಾಗೆಯೇ. 2015ರ ಮಾರ್ಚ್‌ನಲ್ಲಿ ಯೆಮೆನ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ, ದೋಹಾದಲ್ಲಿ 3-1ರ ಸೋಲು, ಲಾಹೋರ್‌ನಲ್ಲಿ ನಡೆಯಬೇಕಿದ್ದ ಎರಡನೆಯದು ಬಹ್ರೇನ್‌ಗೆ ಹೋಗಿ 0-0. ಅಲ್ಲಿಗೆ ನಿಂತ ರಾಷ್ಟ್ರೀಯ ತಂಡ ಮತ್ತೆ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್‌ಗೆ ಇಳಿದದ್ದು 2018ರ ಸೆಪ್ಟೆಂಬರ್‌ನಲ್ಲಿ, ಢಾಕಾದಲ್ಲಿ. ಅಷ್ಟರಲ್ಲಿ ರ‍್ಯಾಂಕ್ 200ರ ಆಚೆ ಹೋಗಿತ್ತು. ಪ್ರೀಮಿಯರ್ ಲೀಗ್ ಕೂಡ 2014-15ರ ನಂತರ 2018ರ ತನಕ ನಡೆಯಲಿಲ್ಲ. ಯೆಮೆನ್ ಪಂದ್ಯದ ಹೊತ್ತಿಗೆ ಕಲೀಮುಲ್ಲಾ ಅವರಿಗೆ 22. ತಂಡ ಢಾಕಾಕ್ಕೆ ಹೋದಾಗ ಅವರಿಗೆ 26 ತುಂಬಲು ಎರಡೇ ವಾರ ಬಾಕಿ. ವೇಗವನ್ನೇ ನಂಬಿದ ಮುಂಚೂಣಿ ಆಟಗಾರನಿಗೆ ಇದಕ್ಕಿಂತ ಬೆಲೆಯುಳ್ಳ ವರ್ಷಗಳು ಇನ್ನೊಂದಿಲ್ಲ.

ಆ ಕತ್ತಲಲ್ಲಿ ತಂಡ ಹಿಡಿದು ನಿಲ್ಲಿಸಿದ ಹೊರದೇಶದ ಪಾಕಿಸ್ತಾನಿಗಳಿಗೂ ನಮ್ಮ ನಮಸ್ಕಾರ. ಡೆನ್ಮಾರ್ಕ್‌ನಲ್ಲಿ ಬೆಳೆದ ಹಸನ್ ಬಶೀರ್ 2018ರ ಸ್ಯಾಫ್ ಕಪ್‌ನಲ್ಲಿ ನೇಪಾಳದ ವಿರುದ್ಧವೂ ಸೆಮಿಫೈನಲ್‌ನಲ್ಲಿ ಭಾರತದ ವಿರುದ್ಧವೂ ಗೋಲು ಹೊಡೆದರು. ಇಂಗ್ಲೆಂಡಿನ 19ರೊಳಗಿನವರ ಜೊತೆ 2017ರ ಯೂರೋಪ್ ಕಿರೀಟ ಗೆದ್ದು, ಫೈನಲ್‌ನಲ್ಲಿ ಗೋಲನ್ನೂ ಹೊಡೆದಿದ್ದ ಈಸಾ ಸುಲಿಮಾನ್ 2023ರಲ್ಲಿ ಪಾಕಿಸ್ತಾನದ ಹಸಿರು ಅಂಗಿ ತೊಟ್ಟರು. ಹೀಗೆ ಬರುವವರಿಗೆ ಮೊದಲು ವಿದೇಶಿ ಪಾಕಿಸ್ತಾನಿಗಳ ಗುರುತಿನ ಚೀಟಿ, ಆಮೇಲೆ ಪಾಸ್‌ಪೋರ್ಟ್, ಬೇರೆ ದೇಶದ ಕಿರಿಯರ ತಂಡಕ್ಕೆ ಅಧಿಕೃತ ಪಂದ್ಯ ಆಡಿದ್ದರೆ ಫಿಫಾದ ಒಪ್ಪಿಗೆ. ಒಂದು ದಾಖಲೆಯಲ್ಲಿ ಹೆಸರಿನ ಕಾಗುಣಿತ ಬೇರೆಯಿದ್ದರೂ ಸರದಿಯ ಕೊನೆಗೆ ಹೋಗಿ ನಿಲ್ಲಬೇಕು. ಪಾಕಿಸ್ತಾನ ಬ್ರಿಟನ್ನಿನ ಜೊತೆ ಎರಡು ಪೌರತ್ವಕ್ಕೆ ಅವಕಾಶ ಕೊಡುತ್ತದೆ, ಆದ್ದರಿಂದ ಈ ದಾರಿ ತೆರೆದಿದೆ. ಭಾರತದ ಕಾನೂನಿನಲ್ಲಿ ಆ ಅವಕಾಶ ಇಲ್ಲ.

2023ರ ಜೂನ್ 21ರಂದು ಕಂಠೀರವ ಕ್ರೀಡಾಂಗಣದಲ್ಲಿ ಈ ತಂಡ ಭಾರತಕ್ಕೆ 4-0ರಿಂದ ಸೋತಿತು. ಸುನಿಲ್ ಛೆಟ್ರಿ ಮೂರು ಗೋಲು, ಉದಾಂತ ಸಿಂಗ್ ಒಂದು. ಅಂಕಿ ನೋಡಿ ನಕ್ಕವರಿಗೆ ಒಂದು ಮಾತು. ಮಾರಿಷಸ್‌ನಲ್ಲಿ ಆಡುತ್ತಿದ್ದ ತಂಡಕ್ಕೆ ವೀಸಾ ತಡವಾಗಿ, ಅವರು ಬೆಂಗಳೂರಿಗೆ ಇಳಿದದ್ದು ಪಂದ್ಯದ ದಿನವೇ. ಗಂಟೆಗಟ್ಟಲೆ ಕೂತು ಪ್ರಯಾಣಿಸಿದ ಕಾಲಿನಲ್ಲಿ ನೀರು ಕಟ್ಟಿಕೊಳ್ಳುತ್ತದೆ, ತೊಡೆಯ ಹಿಂಭಾಗದ ಸ್ನಾಯು ಬಿಗಿಯುತ್ತದೆ, ನಿದ್ದೆಗೆಟ್ಟರೆ ಚೆಂಡಿಗೆ ಹೊರಡುವ ಮೊದಲ ಹೆಜ್ಜೆ ಒಂದಿಷ್ಟು ತಡವಾಗುತ್ತದೆ. ರಕ್ಷಣೆಯ ಸಾಲಿಗೆ ಆ ಒಂದು ಹೆಜ್ಜೆಯೇ ಎಲ್ಲ. ಅಂಥ ಸ್ಥಿತಿಯಲ್ಲೂ ಪಂದ್ಯ ಬಿಡದೆ ಮಳೆಯಲ್ಲಿ 90 ನಿಮಿಷ ಓಡಿದ ಹನ್ನೊಂದು ಮಂದಿಗೂ, ಬದಲಿಗೆ ಇಳಿದವರಿಗೂ ಈ ಊರು ಋಣಿ.

ನಾಲ್ಕು ತಿಂಗಳು ಕಳೆದ ಮೇಲೆ ಇಸ್ಲಾಮಾಬಾದ್‌ನ ಜಿನ್ನಾ ಸ್ಟೇಡಿಯಂ. ಎದುರಿಗೆ ಕಾಂಬೋಡಿಯ. ಫ್ನಾಮ್ ಪೆನ್‌ನಲ್ಲಿ ಮೊದಲ ಪಂದ್ಯ 0-0 ಆಗಿತ್ತು. ಅಕ್ಟೋಬರ್ 17ರಂದು ಹಾರುನ್ ಹಮೀದ್ ಹೊಡೆದ ಒಂದೇ ಗೋಲಿಗೆ ಪಾಕಿಸ್ತಾನ ವಿಶ್ವಕಪ್ ಅರ್ಹತಾ ಸುತ್ತಿನ ತನ್ನ ಮೊಟ್ಟಮೊದಲ ಗೆಲುವು ಕಂಡಿತು. 1989ರಿಂದ ಆಡುತ್ತಾ ಬಂದ ಸುತ್ತು ಅದು. 2007ರಲ್ಲಿ ಏಷ್ಯಾ ಚಾಂಪಿಯನ್ ಇರಾಕ್‌ಗೆ ಲಾಹೋರ್‌ನಲ್ಲಿ 7-0ರಿಂದ ಸೋತು, ವಾರದೊಳಗೆ ದಮಾಸ್ಕಸ್‌ನಲ್ಲಿ ಅದೇ ತಂಡವನ್ನು 0-0ಕ್ಕೆ ಹಿಡಿದದ್ದೂ ಇದೇ ಸುತ್ತಿನಲ್ಲಿ. ಅಲ್ಪ ಸಮಯದ ತಯಾರಿಯಲ್ಲಿ ತಂಡ ಕಟ್ಟಿದ ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ನಮಗೆ ಭಾರತ ತಂಡದ ದಿನಗಳಿಂದ ಪರಿಚಿತರು.

ಪಾಕಿಸ್ತಾನದ ಸಿಯಾಲ್‌ಕೋಟ್‌ನ ಚೆಂಡು ಹೊಲಿಯುವವರನ್ನು ಮರೆತರೆ ಈ ಬರಹ ಅರ್ಧವೇ. ವಿಶ್ವಕಪ್‌ಗೆ ತಂಡ ಕಳಿಸದ ದೇಶ 2014ರಲ್ಲಿ ವಿಶ್ವಕಪ್‌ಗೆ ಚೆಂಡು ಕಳಿಸಿತು. ಆ ಬ್ರಜೂಕಾ ಚೆಂಡಿನ ಆರು ತುಂಡುಗಳನ್ನು ಬೆಸೆದದ್ದು ಶಾಖದಿಂದ. ಕೈಹೊಲಿಗೆಯ ಚೆಂಡಿನಲ್ಲಿ 32 ತುಂಡು, 20 ಆರು ಮೂಲೆಯವು, 12 ಐದು ಮೂಲೆಯವು, ಒಟ್ಟು 90 ಅಂಚು ಹೊಲಿಯಬೇಕು. ಮೇಣ ಸವರಿದ ದಾರ, ಎರಡು ಸೂಜಿ. ಒಳಮೈ ಹೊರಗೆ ಮಾಡಿ ಹೊಲಿಯುತ್ತಾ ಹೋಗಿ, ಬ್ಲಾಡರ್, ಅಂದರೆ ಗಾಳಿ ತುಂಬುವ ಒಳಚೀಲ, ಕೂರಿಸಿ, ಚೆಂಡನ್ನು ಮಗುಚುತ್ತಾರೆ. ಕೊನೆಯ ಅಂಚಿಗೆ ಬಂದಾಗ ಒಳಗಿನ ಗಂಟು ಕಾಣುವುದಿಲ್ಲ, ಬೆರಳಿನ ಅಂದಾಜೇ ಗತಿ. ಅಲ್ಲಿ ದಾರ ಸಡಿಲವಾದರೆ ಚೆಂಡು ಮೊದಲು ಬಿರಿಯುವುದು ಅಲ್ಲಿಯೇ. ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ ಒಳಗಿರಬೇಕು. ಗಟ್ಟಿ ನೆಲದಲ್ಲಿ ಆಡುವವರು ಕೆಳಗಿನ ಅಂಕಿಯ ಹತ್ತಿರ ಇಟ್ಟುಕೊಂಡರೆ ಪುಟಿತವೂ ತಗ್ಗುತ್ತದೆ, ಹೊಲಿಗೆಯೂ ಬಾಳುತ್ತದೆ.

ಕೊನೆಯ ನಮಸ್ಕಾರ, ಫೆಡರೇಶನ್ನಿನ ಬಾಗಿಲಿಗೆ ಬೀಗ ಬಿದ್ದ ವರ್ಷಗಳಲ್ಲಿ ಯಾರು ಯಾವ ಪಂದ್ಯದಲ್ಲಿ ಆಡಿದರು, ಯಾರು ಗೋಲು ಹೊಡೆದರು ಎಂದು ಸಂಬಳವಿಲ್ಲದೆ ಬರೆದಿಟ್ಟ ಅಲ್ಲಿಯ ಅಭಿಮಾನಿಗಳಿಗೆ. ಆಟಗಾರನನ್ನು 12ರಿಂದ 23ನೆಯ ವಯಸ್ಸಿನೊಳಗೆ ಬೆಳೆಸಿದ ಕ್ಲಬ್‌ಗಳಿಗೆ, ಅವನು ಬೆಲೆಗೆ ಕೈ ಬದಲಾದಾಗ ಆ ಮೊತ್ತದ ಶೇ 5ರಲ್ಲಿ ಪಾಲು ಸಿಗಬೇಕೆಂದು ಫಿಫಾ ನಿಯಮ ಹೇಳುತ್ತದೆ. ಯಾವ ವರ್ಷ ಯಾವ ತಂಡದಲ್ಲಿದ್ದ ಎಂಬ ನೋಂದಣಿ ಇಲ್ಲದಿದ್ದರೆ ಆ ಪಾಲು ಕೇಳುವುದಕ್ಕೂ ದಾರಿಯಿಲ್ಲ. ಚಮನ್‌ನಿಂದ ಮುಂದೆ ಹೊರಡುವ ಹುಡುಗನ ಹೆಸರು 12ನೆಯ ವಯಸ್ಸಿಗೇ ಆ ನೋಂದಣಿ ಪುಸ್ತಕಕ್ಕೆ ಏರಲಿ.